ಕೆರೆ ತುಂಬುವ ತನಕ ಕಾಯೋಣ

ಜೂನ್ 6, ಶುಕ್ರವಾರ

ವಾರದ ಸರಾಸರಿ ಬೆಲೆ, ಮೆಗಾವ್ಯಾಟ್ ಗಂಟೆಗೆ 214 ಡಾಲರ್. ದೇಶಕ್ಕೆ ಕರೆಂಟು ಕೊಡುವ ದಕ್ಷಿಣ ದ್ವೀಪದ ಕೆರೆಗಳಲ್ಲಿ ನೀರು ಈ ಹೊತ್ತಿನ ಸರಾಸರಿಯ ಶೇಕಡ 79. ಗ್ಯಾಸ್ ಬಿಗಿ. ಕಲ್ಲಿದ್ದಲಿನ ಹಡಗು ಇನ್ನೂ ಸಮುದ್ರದ ಮೇಲಿದೆ. ಡೀಸೆಲ್ ಲೀಟರಿಗೆ ಆರು ಸೆಂಟ್ ಏರಿದೆ.

ಇಷ್ಟನ್ನು ಒಂದು ಪುಟಕ್ಕೆ ಇಳಿಸಿ ಮೂರು ಗಂಟೆಗೆ ನಮ್ಮ ಮಿಲ್ಲಿನ ಮ್ಯಾನೇಜರ್ ಡೌಗಲ್‌ಗೆ ಕಳಿಸಿದೆ. ಇಪ್ಪತ್ತೊಂದು ವರ್ಷದಿಂದ ಪ್ರತಿ ಶುಕ್ರವಾರ ಇದೇ ಕೆಲಸ. ಊರಿನವರೆಲ್ಲ ಮಿಲ್ಲಿನಲ್ಲಿ ಪೈನ್ ಮರ ಅರೆದು ಕಾಗದದ ತಿರುಳು ಮಾಡುತ್ತಾರೆ, ನಾನು ದೇಶದ ಸಗಟು ವಿದ್ಯುತ್ ಮಾರುಕಟ್ಟೆಯನ್ನು ಅರೆದು ಒಂದು ಪುಟ ಮಾಡುತ್ತೇನೆ. ಪುಟದ ಕೊನೆಯ ಸಾಲಿನಲ್ಲಿ ಒಂದೇ ಪದ. ಮುಂದಿನ ಒಂದು ವರ್ಷದ ಕರೆಂಟನ್ನು ಈಗಲೇ ನಿಗದಿ ದರಕ್ಕೆ ಕರಾರು ಮಾಡಿಕೊಳ್ಳಬೇಕು ಅನ್ನಿಸಿದರೆ ‘ಕೊಳ್ಳೋಣ’. ಬೆಲೆ ಇಳಿಯುವ ಹಾಗೆ ಕಂಡರೆ ‘ಕಾಯೋಣ’.

ಹಳೆಯ ಕರಾರು ಮಾರ್ಚ್ ಕೊನೆಗೆ ಮುಗಿಯಿತು, ಅಲ್ಲಿಂದ ಮಿಲ್ಲು ದಿನದ ಬೆಲೆಗೇ ಕರೆಂಟು ಕೊಳ್ಳುತ್ತಿದೆ. ಮಾರ್ಚಿನ ನಾಲ್ಕು ಶುಕ್ರವಾರವೂ ನಾನು ಬರೆದದ್ದು ‘ಕಾಯೋಣ’. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಜೂನ್‌ನಲ್ಲಿ ಬರುವ ಚಳಿಗಾಲಕ್ಕೆ ಮುಂಚೆ ಕೆರೆ ಇಳಿಯುತ್ತದೆ, ಬೆಲೆ ಏರುತ್ತದೆ, ಎಲ್ಲರೂ ಹೆದರುತ್ತಾರೆ. ಆಮೇಲೆ ಮಳೆ ಬೀಳುತ್ತದೆ, ಬೆಲೆ ಇಳಿಯುತ್ತದೆ, ಹೆದರದೆ ಕೂತವನು ಅಗ್ಗಕ್ಕೆ ಕೊಳ್ಳುತ್ತಾನೆ. ಇಪ್ಪತ್ತೊಂದರಲ್ಲಿ ಹದಿನೆಂಟು ವರ್ಷ ಇದು ಸರಿಹೋಗಿದೆ. ಪದ ನನ್ನದು ನಿಜ, ಆದರೆ ಸಹಿ ಡೌಗಲ್‌ದು. ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೋ. ನನ್ನನ್ನು ಯಾರೂ ಕೇಳಿಲ್ಲ.

ಚಹದ ಹೊತ್ತಿನಲ್ಲಿ ಅಣ್ಣ ತಾಮತಿ ಮೈಯೆಲ್ಲ ಮರದ ನಾರು ಅಂಟಿಸಿಕೊಂಡು ಬಂದ. ಮೂವತ್ನಾಲ್ಕು ವರ್ಷದಿಂದ ಅರೆಯುವ ಯಂತ್ರದ ಮುಂದೆ ನಿಂತವನು. ಪ್ರತಿ ಶುಕ್ರವಾರದ ಅವನ ಪ್ರಶ್ನೆ ಇವತ್ತೂ ಬಂತು.

“ಏನೇ ಮೆರೆ, ನಿನ್ನ ಕೆರೆ ಹೆಂಗಿದೆ?”

“ಇಳೀತಿದೆ ಕಣೋ.”

“ಇಳೀಲಿ ಬಿಡು. ಏರೋಕೆ ಜಾಗ ಬೇಕಲ್ಲ.”

ನಕ್ಕು ಹೋದ. ಅವನಿಗೇನು, ಅವನು ನೋಡುವುದು ಯಂತ್ರವನ್ನು, ಕೆರೆಯನ್ನಲ್ಲ.

ಜೂನ್ 10, ಮಂಗಳವಾರ

ಬೆಲೆ 251.

ತಾಮತಿ ಬೇಲಿಯ ಆಚೆಯಿಂದ ಕೂಗಿ ಕರೆದು ವಾದಕ್ಕೆ ನಿಂತ. “ಅಲ್ಲ ಕಣೇ, ಈ ದೇಶದ ಕರೆಂಟು ಮುಕ್ಕಾಲು ಪಾಲು ನೀರಿಂದ, ಗಾಳಿಯಿಂದ ಬರುತ್ತೆ. ನೀರಿಗೆ ಗಾಳಿಗೆ ಯಾರೂ ದುಡ್ಡು ಕೊಡಲ್ಲ. ಮತ್ತೆ ಗ್ಯಾಸು ದುಬಾರಿ ಆದ್ರೆ ನಮ್ಗ್ಯಾಕೆ ಬರೆ?”

“ಸಂತೇಲಿ ಕೊನೇ ಮೂಟೆ ಯಾವ ಬೆಲೆಗೆ ಹೋಯ್ತೋ, ಎಲ್ಲಾ ಮೂಟೆಗೂ ಅದೇ ಬೆಲೆ ಅಂದ್ಕೋ. ಅರ್ಧರ್ಧ ಗಂಟೆಗೆ ಒಂದು ಸಂತೆ. ಕೊನೇ ಮೂಟೆ ಗ್ಯಾಸಿಂದು.”

“ಇದ್ಯಾವ ನ್ಯಾಯ?”

“ನ್ಯಾಯ ಅಂತ ಯಾರು ಹೇಳಿದ್ರು? ಮಾರುಕಟ್ಟೆ ಅಂದೆ.”

ಅವನು ತಲೆ ಕೆರೆದುಕೊಂಡು ಒಳಗೆ ಹೋದ. ನನಗೆ ಬೆನ್ನು ನೋವು.

ಜೂನ್ 20, ಶುಕ್ರವಾರ

ನಮ್ಮ ಮಾವೊರಿಗಳ ಹೊಸ ವರ್ಷ. ಬೆಳಕು ಹರಿಯುವ ಮುಂಚೆ ಎಲ್ಲರೂ ಗುಡ್ಡ ಹತ್ತಿ ಕೃತ್ತಿಕೆಯ ಗೊಂಚಲು ಮೂಡುವುದನ್ನು ನೋಡಿದೆವು. ವರ್ಷದಲ್ಲಿ ತೀರಿಕೊಂಡವರ ಹೆಸರು ಹೇಳಿ ಅತ್ತೆವು. ಆಮೇಲೆ ನಮ್ಮ ಕುಲದ ಹಿರಿಯರು ಪಾರೆ ಆಂಟಿ ಒಂದೊಂದು ನಕ್ಷತ್ರಕ್ಕೂ ಬೆರಳು ತೋರಿಸಿ ವರ್ಷ ಹೇಗಿದೆ ಎಂದು ಓದಿದರು. ಎಂಬತ್ತಮೂರು ವಯಸ್ಸು, ಕನ್ನಡಕ ಹಾಕುವುದಿಲ್ಲ.

“ಮಳೆ ನಕ್ಷತ್ರ ಮಂಕಾಗಿದೆ ಕಣೇ ಮೆರೆಯಾನ. ನಿನ್ನ ಕಂಪ್ಯೂಟರ್ ಏನನ್ನುತ್ತೆ?”

“ಹನ್ನೆರಡು ದಿನದಲ್ಲಿ ದಕ್ಷಿಣಕ್ಕೆ ದೊಡ್ಡ ಮೋಡ ಬರುತ್ತೆ ಅನ್ನುತ್ತೆ, ಆಂಟಿ.”

“ನಮ್ಮ ನದಿ ತಲೆ ಕಡಿದು, ಬೆಟ್ಟ ಕೊರೆದು, ನೀರನ್ನ ಆ ಕಡೆ ಪವರ್‌ಹೌಸಿಗೆ ಬಿಟ್ಕೊಂಡ್ರು. ನಿಮ್ಮಪ್ಪನೇ ಆ ಸುರಂಗಕ್ಕೆ ಕೂಲಿಗೆ ಹೋಗಿದ್ದ. ಈಗ ಅದೇ ನೀರಿಗೆ ನಾವೇ ಬೆಲೆ ಕೇಳ್ಕೊಂಡು ಕೂತಿದೀವಿ. ಚೆನ್ನಾಗಿದೆ ನಮ್ಮ ಬಾಳು.”

ರಜೆಯಾದರೂ ಮನೆಗೆ ಬಂದು ಬೆಲೆ ನೋಡಿದೆ. 288.

ಜುಲೈ 2, ಬುಧವಾರ

ಮೋಡ ಬಂತು. ನನ್ನ ಲೆಕ್ಕದ ದಿನವೇ ಬಂತು. ಬೆಳಿಗ್ಗೆ ಏಳಕ್ಕೆ ತಾಮತಿ ಚಪ್ಪಲಿಯನ್ನೂ ಹಾಕದೆ ಅಂಗಳ ದಾಟಿ ಓಡಿ ಬಂದ.

“ಬಿತ್ತು ಕಣೇ! ರೇಡಿಯೋದಲ್ಲಿ ಹೇಳ್ತಿದಾರೆ, ದಕ್ಷಿಣದಲ್ಲಿ ರಸ್ತೆ ಎಲ್ಲಾ ಮುಚ್ಚಿಹೋಗಿದೆಯಂತೆ! ಐದು ಅಡಿ ಬಿದ್ದಿದೆಯಂತೆ!”

“ಏನು ಬಿತ್ತು?”

“ಹಿಮ!”

ಕುರ್ಚಿಯಲ್ಲಿ ಕೂತುಬಿಟ್ಟೆ. ಹಿಮ ಅಂದರೆ ಬೀರುವಿನಲ್ಲಿಟ್ಟು ಬೀಗ ಹಾಕಿದ ನೀರು, ಬೀಗದ ಕೈ ಅಕ್ಟೋಬರ್ ತನಕ ಸಿಗುವುದಿಲ್ಲ ಎಂದು ಹೇಳಿದೆ. ಕೆರೆಗೆ ಹನಿಯೂ ಇಳಿಯುವುದಿಲ್ಲ. ಮೇಲಾಗಿ ಚಳಿಗೆ ಊರೂರೂ ಹೀಟರ್ ಹಾಕುತ್ತದೆ. ಅವನ ಮುಖ ಇಳಿಯಿತು. ಬರಿಗಾಲಲ್ಲಿ ನಿಂತಿದ್ದ, ಪಾಪ.

ಬೆಲೆ 395.

ಜುಲೈ 11, ಶುಕ್ರವಾರ

473. ಕೊನೆಯ ಸಾಲನ್ನು ಖಾಲಿ ಬಿಟ್ಟು ಕಳಿಸಿದೆ. ಕೊಳ್ಳಲು ಕೈಲಾಗದವರಿಗೆ ಕೊಳ್ಳೋಣ ಅನ್ನುವುದೇ? ಕಾಯೋಣ ಅಂತೂ ಬರೆಯಲು ಕೈ ಬರಲಿಲ್ಲ.

ಜುಲೈ 17, ಗುರುವಾರ

ಮಿಲ್ಲು ನಿಂತಿತು. ಮುಚ್ಚಿಲ್ಲ, ಬೆಲೆ ಇಳಿಯುವ ತನಕ ನಿಲ್ಲಿಸಿದ್ದೇವೆ ಎಂದು ನೋಟಿಸು. ಸಂಬಳ ಬರುತ್ತದೆ, ಯಂತ್ರ ಓಡುವುದಿಲ್ಲ. ಬೆಲೆ 560. ಓಡಿಸಿದರೆ ಪ್ರತಿ ಟನ್ ತಿರುಳಿಗೂ ಕೈಯಿಂದ ಕಳೆದುಕೊಳ್ಳಬೇಕು.

ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಗುಂಯ್‌ಗುಡುವ ಸದ್ದು ಇಲ್ಲ. ಊರಿನ ನಾಯಿಗಳು ಸುಮ್ಮಸುಮ್ಮನೆ ಬೊಗಳುತ್ತಿವೆ. ಬೇಕರಿಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡಿ ಅಭ್ಯಾಸವಾದವರು, ಇವತ್ತು ತಮ್ಮ ದನಿಗೆ ತಾವೇ ಬೆಚ್ಚುತ್ತಿದ್ದರು.

ಡೌಗಲ್ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಒಳ್ಳೆಯ ಮನುಷ್ಯ, ಹೊರಗಿನಿಂದ ಬಂದು ಹನ್ನೊಂದು ವರ್ಷವಾಯಿತು. ಕಣ್ಣ ಕೆಳಗೆ ಕಪ್ಪು.

“ಮೆರೆಯಾನ, ಆ ಮಾರ್ಚಿನ ಟಿಪ್ಪಣಿಗಳು. ಯಾರಿಗೂ ಹೇಳಬೇಡಿ. ಸಹಿ ಹಾಕಿದೋನು ನಾನು. ನೀವು ಬರೀ ಒಂದು ಪದ ಬರೆದ್ರಿ.”

“ಸರಿ” ಅಂದೆ. ಎಷ್ಟು ಬೇಗ ಅಂದೆ ಎಂದು ಈಗ ನಾಚಿಕೆಯಾಗುತ್ತಿದೆ. ಇರಲಿ. ಅವನು ಹೇಳಿದ್ದೂ ತಪ್ಪಲ್ಲ.

ಜುಲೈ 24, ಗುರುವಾರ

601.

ಕೆಲಸವಿಲ್ಲದವರ ಕೈಗೆ ಬ್ರಶ್ಶು ಕೊಟ್ಟಿದ್ದಾರೆ. ಇನ್ನೂರ ಮೂವತ್ತು ಜನ ಸೇರಿ ಮೆಟ್ಟಿಲಿಗೆ, ಕಂಬಿಗೆ, ಗೇಟಿಗೆ ಹಳದಿ ಬಣ್ಣ ಬಳಿಯುತ್ತಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ತಾಮತಿ ಗಡ್ಡಕ್ಕೂ ಬಣ್ಣ ಬಳಿದುಕೊಂಡು ಏಣಿಯ ಮೇಲಿದ್ದ. ಚಹ ಒಯ್ದು ಕೊಟ್ಟೆ.

“ಗೊತ್ತಾಯ್ತಾ ಮೆರೆ? ಬೇರೆ ಮಿಲ್ಲುಗಳು ಬೇಸಿಗೇಲೇ ಕರೆಂಟಿಗೆ ಕರಾರು ಮಾಡ್ಕೊಂಡು ಹಾಯಾಗಿವೆ. ನಮ್ಮಲ್ಲಿ ಯಾವನೋ ಕಾಯೋಣ ಅಂದನಂತೆ. ಆಕ್ಲೆಂಡಿನ ಹೆಡ್ಡಾಫೀಸಿನ ಯಾವನೋ ಸೂಟಿನೋನು. ಆ ನನ್ಮಗ ಕೈಗೆ ಸಿಗ್ಲಿ, ಈ ಡಬ್ಬಿಗೆ ಅದ್ದಿ ಒಣಗೋಕೆ ನೇತ್ಹಾಕ್ತೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು.

“ಚಹ ಆರುತ್ತೆ, ಕುಡಿ” ಅಂದೆ. ಅಷ್ಟೇ ಅಂದೆ.

ಆಗಸ್ಟ್ 5, ಮಂಗಳವಾರ

ಆಲೂಗೆಡ್ಡೆ ಸುಲಿದು ಸುಲಿದು ಹೆಬ್ಬೆರಳು ಕಪ್ಪಾಗಿದೆ. ಕ್ಯಾಂಟೀನಿನ ಲೊಸಾ ಎಲ್ಲರಿಗೂ ಮಧ್ಯಾಹ್ನದ ಊಟ ಮಾಡಿ ಹಾಕುತ್ತೇನೆಂದು ಹೊರಟಿದ್ದಾಳೆ. ಕಂಪನಿ ಕೊಟ್ಟದ್ದಲ್ಲ, ಯಾರೋ ಕುರಿ ಕೊಟ್ಟರು, ಯಾರೋ ಹೊಳೆಯ ಸೊಪ್ಪು ಕಿತ್ತು ತಂದರು. ಎರಡು ತಾಸು ನಿಂತು ಸುಲಿದೆ. ಲೊಸಾ ನನ್ನನ್ನು ನೋಡಿ ನಗುತ್ತಾಳೆ.

“ಏನಕ್ಕಾ, ಇಪ್ಪತ್ತು ವರ್ಷದಲ್ಲಿ ಒಂದಿನಾನೂ ಅಡುಗೆಮನೆ ಕಡೆ ತಲೆ ಹಾಕದೋಳು. ಚಹ ಬೇಕಾದ್ರೂ ಫೋನ್ ಮಾಡ್ತಿದ್ದೆ!”

“ಆಫೀಸಲ್ಲಿ ಚಳಿ ಕಣೇ” ಅಂದೆ.

ಗ್ಯಾಸ್ ಬಾವಿಗಳಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆ ಇದೆಯಂತೆ. ಅದನ್ನೂ ಮಾರ್ಚಿನ ಪುಟದಲ್ಲಿ ನಾನು ಬರೆದಿದ್ದೆ, ಮೂರನೆಯ ಪ್ಯಾರಾದಲ್ಲಿ. ಬರೆದೂ ನಂಬಲಿಲ್ಲ. ಕೆರೆಯನ್ನೇ ನೋಡುತ್ತಾ ಕೂತಿದ್ದೆ. ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ನಮಗೆಲ್ಲ ಜಾತಕದಲ್ಲೇ ಬಂದ ರೋಗ. ಬೆಲೆ 770.

ಆಗಸ್ಟ್ 14, ಗುರುವಾರ

ನೋಟಿಸು ಬಂತು. ‘ಮುಚ್ಚುವ ಪ್ರಸ್ತಾಪ.’ ಸೆಪ್ಟೆಂಬರ್ ಐದಕ್ಕೆ ತೀರ್ಮಾನ. ಪ್ರಸ್ತಾಪ ಅಂದರೇನು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಅರ್ಥವಾಯಿತು. ತಾಮತಿ ನೋಟಿಸು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು, ಅರ್ಧ ಬಳಿದಿದ್ದ ಕಂಬಿಯನ್ನು ಪೂರ್ತಿ ಬಳಿದು ಮುಗಿಸಿದ.

ಆಗಸ್ಟ್ 19, ಮಂಗಳವಾರ

ಕ್ಯಾಂಟೀನಿನ ಮೂಲೆಯಲ್ಲಿ ನನಗೊಂದು ಮೇಜು ಹಾಕಿಕೊಟ್ಟಿದ್ದಾರೆ. ಬೇರೆ ಊರಿನ ಕೆಲಸಕ್ಕೆ ಅರ್ಜಿ ಬರೆದುಕೊಡುವುದು. ನಲವತ್ತು ವರ್ಷ ಒಂದೇ ಗೇಟಿನಲ್ಲಿ ಹೊಕ್ಕು ಹೊರಟವರು, ತಮ್ಮ ಬಗ್ಗೆ ತಾವು ಒಂದು ಸಾಲು ಬರೆಯಲು ಬಾರದು. ಇವತ್ತು ಹದಿನಾಲ್ಕು ಜನ. ಇವರನ್ನೆಲ್ಲ ಇಷ್ಟು ವರ್ಷ ದಿನವೂ ಕಿಟಕಿಯಿಂದ ನೋಡಿದ್ದೆ, ಅರ್ಧ ಜನರ ಹೆಸರೂ ಗೊತ್ತಿರಲಿಲ್ಲ.

ಕೊನೆಗೆ ತಾಮತಿ ಬಂದು ಕೂತ. ಆಸ್ಟ್ರೇಲಿಯಾದ ಗಣಿಗೆ ಅರ್ಜಿಯಂತೆ, ಐವತ್ತೆಂಟರ ವಯಸ್ಸಿನಲ್ಲಿ.

“ಏನು ಕೆಲಸ ಬರುತ್ತೆ ಅಂತ ಬರೀಲಿ?”

“ಯಂತ್ರದ ಸದ್ದು ಕೇಳಿ ಅದಕ್ಕೇನಾಗಿದೆ ಅಂತ ಹೇಳ್ತೀನಿ. ಅದನ್ನ ಬರಿ.”

“ಅದನ್ನ ಹೆಂಗೆ ಬರೆಯೋದೋ?”

“ನೀನು ಬರೆಯೋಳು. ನಂಗೇನು ಗೊತ್ತು?”

ಹಾಗೇ ಬರೆದೆ. ಪಕ್ಕದಲ್ಲಿದ್ದವರು ಯಾರೋ ಹೇಳಿದರು: “ಆಫೀಸಿನೋರಲ್ಲಿ ಇವಳೊಬ್ಬಳು ನಮ್ಮೋಳು.” ತಾಮತಿ ಎದೆಯುಬ್ಬಿಸಿ, “ಯಾರ ತಂಗಿ ಮತ್ತೆ!” ಅಂದ.

ಆಗಸ್ಟ್ 26, ಮಂಗಳವಾರ

ಡೌಗಲ್‌ನ ಮನೆಯ ಕಿಟಕಿಗೆ ಮೊಟ್ಟೆ ಹೊಡೆದಿದ್ದಾರೆ. ‘ಕಾಯೋಣ’ ಎಂದದ್ದು ಆಕ್ಲೆಂಡಿನವರಲ್ಲ, ಸಹಿ ಡೌಗಲ್‌ದು ಎಂದು ಹೇಗೋ ಹೊರಬಿದ್ದಿದೆ. ಬೇಕರಿಯಲ್ಲಿ ಅವನ ಹೆಂಡತಿ ಬಂದಾಗ ಸರದಿಯಲ್ಲಿದ್ದವರು ಬೆನ್ನು ತಿರುಗಿಸಿದರು. ನಾನೂ ಆ ಸರದಿಯಲ್ಲಿದ್ದೆ. ತಿರುಗಿಸಲಿಲ್ಲ, ಆದರೆ ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನ ನಾಲ್ಕು ಜನ ಹೋಗಿ ಡೌಗಲ್‌ನನ್ನು ಕೇಳಿದರಂತೆ: “ನಿಮಗೆ ಈ ಬುದ್ಧಿ ಹೇಳಿದ್ಯಾರು?” ಲೊಸಾ ಅಲ್ಲೇ ಇದ್ದಳು. ಅವನು ಹೇಳಿದ್ದು, “ನನ್ನದೇ ಬುದ್ಧಿ.”

ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ ಮೇಲೆ ಸಿಟ್ಟು ಬರುತ್ತಿದೆ.

ಆಗಸ್ಟ್ 30, ಶನಿವಾರ

ಇಂದು ಊರಿನ ಸಭೆ, ನಮ್ಮ ಕುಲದ ಸಭಾಮನೆಯಲ್ಲಿ. ಮಿಲ್ಲಿನ ಎಲ್ಲರೂ ಬಂದಿದ್ದರು, ಮಾವೊರಿಗಳು, ಸಮೊವಾದವರು, ಬಿಳಿಯರು. ಡೌಗಲ್ ಕೂಡ ಶೂ ಹೊರಗೆ ಬಿಟ್ಟು ಬಂದು ಹಿಂದಿನ ಗೋಡೆಗೆ ಒರಗಿ ಕೂತ. ಅವನ ಎರಡೂ ಪಕ್ಕ ಖಾಲಿ ಜಾಗ.

ಒಳಗೆ ಯಾರು ಬೇಕಾದರೂ ಎದ್ದು ಮಾತಾಡಬಹುದು. ಮಾತು ಮುಗಿದ ಮೇಲೆ ಅವರ ಕಡೆಯವರು ಎದ್ದು ಬೆನ್ನ ಹಿಂದೆ ನಿಂತು ಒಂದು ಹಾಡು ಹೇಳಬೇಕು. ಹಾಡು ಸಿಕ್ಕರೆ ಮಾತಿಗೆ ಮೈತುಂಬ ಬಟ್ಟೆ ಹೊದಿಸಿದಂತೆ. ಯಾರೂ ಏಳದಿದ್ದರೆ ಮಾತು ಬೆತ್ತಲೆ, ಆಡಿದವರೂ ಬೆತ್ತಲೆ.

ನಾನು ಏಳಬೇಕೆಂದು ಹೋಗಿರಲಿಲ್ಲ. ಗೆಣಸು ಬೇಯಿಸಿ ಕೊಟ್ಟು ಬರೋಣವೆಂದು ಹೋದದ್ದು. ಒಬ್ಬ ಎದ್ದು ಡೌಗಲ್‌ನ ಹೆಸರು ಹಿಡಿದು ಬೈಯತೊಡಗಿದ. ಅವನ ಹಾಡು ಮುಗಿಯುವ ಹೊತ್ತಿಗೆ ನಾನು ನಿಂತಿದ್ದೆ. ಹೇಗೆ ನಿಂತೆನೋ ಗೊತ್ತಿಲ್ಲ.

ನಮ್ಮ ರೂಢಿಯಂತೆ ಮೊದಲು ನನ್ನ ಬೆಟ್ಟದ ಹೆಸರು ಹೇಳಿದೆ. ನನ್ನ ನದಿಯ ಹೆಸರು ಹೇಳಿದೆ. ಅಪ್ಪ ಅಮ್ಮನ ಹೆಸರು ಹೇಳಿದೆ. ಆಮೇಲೆ ಹೇಳಿದೆ: “ಮಾರ್ಚಿನಲ್ಲಿ ಕಾಯೋಣ ಅಂತ ಬರೆದೋಳು ನಾನು. ಒಂದ್ಸಲ ಅಲ್ಲ, ನಾಲ್ಕು ಸಲ. ಗ್ಯಾಸ್ ಕಮ್ಮಿ ಇದೆ ಅಂತ ಗೊತ್ತಿತ್ತು. ಮಳೆ ಬರುತ್ತೆ ಅಂದ್ಕೊಂಡೆ. ಡೌಗಲ್ ನನ್ನ ನಂಬಿ ಸಹಿ ಹಾಕಿದ್ರು. ಮೊಟ್ಟೆ ಹೊಡೆಯೋದಿದ್ರೆ ನಮ್ಮನೆ ಕಿಟಕಿ ಇದೆ. ತಾಮತಿ ಮನೆ ಪಕ್ಕದ್ದು. ಅವನ ಕಿಟಕಿಗೆ ಹೊಡೀಬೇಡಿ, ಅವನಿಗಿದು ಗೊತ್ತಿಲ್ಲ.”

ಮಾತು ಮುಗಿಯಿತು. ನಾನು ನಿಂತೇ ಇದ್ದೆ.

ಯಾರೂ ಏಳಲಿಲ್ಲ. ಲೊಸಾ ನೆಲ ನೋಡುತ್ತಿದ್ದಳು. ಪಾರೆ ಆಂಟಿ ಕಣ್ಣು ಮುಚ್ಚಿದ್ದರು. ತಾಮತಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಹೊರಗೆ ತಪೇಲಿ ಮುಚ್ಚಳ ಕುಣಿಯುವ ಸದ್ದು ಕೇಳುತ್ತಿತ್ತು. ಕೂತುಕೊಳ್ಳಲು ಮಂಡಿ ಬಗ್ಗಿಸಿದೆ.

ಆಗ ಹಿಂದಿನಿಂದ ಒಂದು ಒಡಕು ದನಿ ಎದ್ದಿತು. ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ಕೆಟ್ಟ ಗಂಟಲು. ಊರಿನಲ್ಲಿ ತಾಮತಿಗೆ ಹಾಡಲು ಬಿಡುವುದಿಲ್ಲ, ಮದುವೆಯಲ್ಲಿ, ಸಾವಿನಲ್ಲಿ ಅವನು ಬರೀ ಬಾಯಿ ಆಡಿಸಬೇಕು ಎಂದು ಕಟ್ಟುನಿಟ್ಟು. ಅವನೊಬ್ಬನೇ ಬಂದು ನನ್ನ ಬೆನ್ನ ಹಿಂದೆ ನಿಂತು, ಅಮ್ಮ ಬಟ್ಟೆ ಒಣಹಾಕುವಾಗ ಹೇಳುತ್ತಿದ್ದ ಹಾಡನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದ. ಎರಡನೆಯ ಸಾಲು ಮರೆತು ಮೊದಲನೆಯದನ್ನೇ ಮತ್ತೆ ಹೇಳಿದ. ಮೂರನೆಯ ಸಾಲಿಗೆ ಪಾರೆ ಆಂಟಿ ಕೂತಲ್ಲಿಂದಲೇ ದನಿ ಕೂಡಿಸಿದರು. ಆಮೇಲೆ ಲೊಸಾ. ಎಲ್ಲರೂ ಹಾಡಲಿಲ್ಲ. ಅರ್ಧ ಜನವೂ ಹಾಡಲಿಲ್ಲ.

ನಾವು ಕೂತ ಮೇಲೆ ಡೌಗಲ್ ಎದ್ದ. “ಸಹಿ ನನ್ನದು” ಅಂದ, ಕೂತ. ಅವನ ಹಿಂದೆ ಯಾರೂ ನಿಲ್ಲಲಿಲ್ಲ.

“ಅಯ್ಯೋ, ಆ ಬಡಪಾಯಿಗೂ ಯಾರಾದ್ರೂ ಒಂದು ಹಾಡ್ರೋ” ಅಂದರು ಪಾರೆ ಆಂಟಿ. “ತಾಮತಿ, ನೀನು ಮಾತ್ರ ಬೇಡಪ್ಪ.”

ಇಡೀ ಮನೆ ನಕ್ಕಿತು. ನಗುತ್ತಲೇ ಯಾರೋ ಹಾಡು ಎತ್ತಿದರು.

ಮನೆಗೆ ನಡೆದು ಬರುವಾಗ ತಾಮತಿ ನನಗಿಂತ ಹತ್ತು ಹೆಜ್ಜೆ ಮುಂದಿದ್ದ. ಗೇಟಿನ ಹತ್ತಿರ ನಿಂತು, ತಿರುಗದೆ ಹೇಳಿದ: “ಹಾಡಿದೆ ಅಂತ ಕ್ಷಮಿಸಿದೀನಿ ಅಂದ್ಕೋಬೇಡ. ತಂಗಿ ಒಬ್ಳೇ ನಿಂತಿರೋದು ನೋಡಕ್ಕಾಗ್ಲಿಲ್ಲ, ಅಷ್ಟೇ.”

“ಗೊತ್ತು” ಅಂದೆ.

ಸೆಪ್ಟೆಂಬರ್ 5, ಶುಕ್ರವಾರ

ಮುಚ್ಚಿದರು. ಬೆಳಿಗ್ಗೆ ಹತ್ತಕ್ಕೆ ಹೇಳಿದರು, ಹತ್ತೂವರೆಗೆ ಲೊಸಾ ಉಳಿದ ಹಿಟ್ಟನ್ನೆಲ್ಲ ಕರಿದ ರೊಟ್ಟಿ ಮಾಡಿದಳು. ಮೂವತ್ತೊಂದು ಅರ್ಜಿ ಬಾಕಿ ಇವೆ. ಕೆಲವರು ನನ್ನ ಮೇಜಿಗೆ ಬರುವುದನ್ನು ಬಿಟ್ಟಿದ್ದಾರೆ. ಅವರ ಕಾಗದಗಳನ್ನು ಲೊಸಾಳ ಕೈಲಿ ಕಳಿಸಿ ಎಂದಿದ್ದೇನೆ, ಬರೆದವರು ಯಾರೆಂದು ಅರ್ಜಿಯಲ್ಲಿ ಇರುವುದಿಲ್ಲವಲ್ಲ.

ತಾಮತಿ ಮಾತಾಡಿಲ್ಲ. ಆರು ದಿನವಾಯಿತು. ಸೌದೆ ಒಡೆದು ನನ್ನ ಬಾಗಿಲಲ್ಲಿ ಹಾಕಿ ಹೋಗಿದ್ದಾನೆ.

ಸೆಪ್ಟೆಂಬರ್ 12, ಶುಕ್ರವಾರ

ನಾಲ್ಕು ದಿನದಿಂದ ಬಿಟ್ಟೂ ಬಿಡದ ಮಳೆ. ಬಟ್ಟೆ ಒಣಗುತ್ತಿಲ್ಲ. ಅರ್ಜಿಗಳಲ್ಲಿ ಇನ್ನು ಒಂಬತ್ತು ಉಳಿದಿವೆ. ಗೋದಾಮಿನ ಇಬ್ಬರಿಗೆ ಹಾಲಿನ ಕಾರ್ಖಾನೆಯಲ್ಲಿ ಕೆಲಸವಾಯಿತು, ಅವರಲ್ಲಿ ಒಬ್ಬ ಬಂದು ಒಂದು ಸೊಪ್ಪಿನ ಕಟ್ಟು ಕೊಟ್ಟು ಹೋದ. ಇನ್ನೊಬ್ಬ ಬರಲಿಲ್ಲ, ಬರಬೇಕಾಗಿಯೂ ಇಲ್ಲ.

ಸಂಜೆ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ. ತಾಮತಿ ಬೇಲಿಯ ಆಚೆ ಮಳೆಕೋಟು ಹಾಕಿಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಏನೇ ಮೆರೆ” ಅಂದ. “ನಿನ್ನ ಕೆರೆ ಹೆಂಗಿದೆ?”

ಯೋಚಿಸಿದರೆ, ಕೆರೆಯನ್ನೂ ಬೆಲೆಯನ್ನೂ ನಾನು ನೋಡಿ ಎಷ್ಟು ದಿನವಾಯಿತೋ ನನಗೇ ತಿಳಿಯದು.

“ನೋಡಿಲ್ಲ ಕಣೋ.”

“ದಕ್ಷಿಣದಲ್ಲಿ ತುಂಬಿ ಕೋಡಿ ಬಿದ್ದಿದೆಯಂತೆ. ಕರೆಂಟಿಗೆ ಇವತ್ತು ನಾಲ್ಕು ಡಾಲರ್ ಅಂತೆ. ನಾಲ್ಕು!” ಅವನು ನಕ್ಕನೋ ಕೆಮ್ಮಿದನೋ ಮಳೆಯಲ್ಲಿ ಗೊತ್ತಾಗಲಿಲ್ಲ. “ಅಟ್ಟ ಮೇಲೆ ಒಲೆ ಉರೀತು.”

ಮಿಲ್ಲಿನ ಹೊಸ ಹಳದಿ ಗೇಟು ಅಷ್ಟು ಮಳೆಯಲ್ಲೂ ಎದ್ದು ಕಾಣುತ್ತಿತ್ತು.

“ಆ ಗಣಿಯೋರು ಕಾಗದ ಬರೆದಿದಾರೆ” ಅಂದ. “ಯಂತ್ರದ ಸದ್ದು ಕೇಳೋನು ಬೇಕಂತೆ. ಇಪ್ಪತ್ತೆರಡಕ್ಕೆ ಹೊರಡಬೇಕು.”

ನನ್ನ ಬಾಯಿಗೆ ಬಂದದ್ದು ಅದೇ ಹಳೆಯ ಪದ. ಇನ್ನೊಂದಿಷ್ಟು ದಿನ ನೋಡೋ, ಕೆರೆ ತುಂಬಿದೆ, ಯಾರಾದರೂ ಮಿಲ್ಲು ಕೊಳ್ಳಬಹುದು, ಕಾಯೋಣ. ನಾಲಿಗೆಯ ತುದಿಯ ತನಕ ಬಂತು.

“ಹೋಗು” ಅಂದೆ. “ಬೆಚ್ಚಗಿನ ಬಟ್ಟೆ ಬೇಡ, ಅಲ್ಲಿ ಸೆಕೆ. ಆ ಒದ್ದೆ ಕೋಟು ಇಲ್ಲಿ ಕೊಡು, ಒಲೆ ಮುಂದೆ ಹಾಕ್ತೀನಿ.”

ಅವನು ಬೇಲಿ ದಾಟಿ ಬಂದ.